ಸ್ಟೇರಿಂಗಿಗೆ ಆರು ಸೂಜಿ

ಆವತ್ತು ಬೆಳಿಗ್ಗೆ ಅಪ್ಪನ ಅಂಗಿಯ ಎದೆಗೆ ಆರು ಸೂಜಿ ಚುಚ್ಚಿದ್ದೆ. ಆರಕ್ಕೂ ದಾರ ಪೋಣಿಸಿ, ಎರಡೆಳೆ ಮಾಡಿ ಗಂಟು ಹಾಕಿ, ಸಿಕ್ಕಾಗದ ಹಾಗೆ ಸುತ್ತಿ ಜೇಬಿಗೆ ಇಳಿಬಿಟ್ಟಿದ್ದೆ. ಹೊಲಿಯುವವರ ಅಂಗಿಯಲ್ಲಿ ಸೂಜಿ ಇದ್ದರೆ ಯಾರೂ ಅನುಮಾನಪಡುವುದಿಲ್ಲ.

ಅನುಮಾನಪಡುವಂಥದ್ದು ಇತ್ತು. ಶಿವಾಜಿನಗರದ ಗಲ್ಲಿಯಲ್ಲಿ ಮೂವತ್ತು ವರ್ಷ ಕಾರಿನ ಸೀಟಿಗೆ, ಸ್ಟೇರಿಂಗಿಗೆ ಚರ್ಮ ಹೊಲಿದ ಅಪ್ಪನಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಚರ್ಮದ ತೂತುಗಳನ್ನು ಬೆರಳಲ್ಲೇ ಹುಡುಕಿ ಹೊಲಿಯುತ್ತಿದ್ದರು, ಒಂದೂ ತಪ್ಪುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುವುದು ಮಾತ್ರ ಸಾಧ್ಯವಿರಲಿಲ್ಲ. ಅಂಗಡಿ ಮುಚ್ಚಿ, ಹಲಸೂರಿನ ಮನೆಯಲ್ಲಿ ಕೂತು ಟೀವಿಯ ಜೊತೆ ಜಗಳವಾಡುತ್ತಾ ದಿನ ತಳ್ಳುತ್ತಿದ್ದರು. ಆಗ ದೊಡ್ಡನೆಕ್ಕುಂದಿಯಲ್ಲಿ ಸ್ಪೋರ್ಟ್ಸ್ ಕಾರು ತಯಾರಿಸುವ ಪುಟ್ಟ ಕಾರ್ಖಾನೆಯ ಮಾಲೀಕರು, ಅಪ್ಪನ ಹಳೆಯ ಕೆಲಸವೊಂದನ್ನು ಎಲ್ಲೋ ನೋಡಿ ಫೋನ್ ಮಾಡಿದರು. "ನಮ್ಮೆದುರಿಗೆ ಒಂದು ಸ್ಟೇರಿಂಗ್ ಹೊಲ್ದು ತೋರ್ಸಿ ಯಜಮಾನ್ರೇ. ಸರಿ ಬಂದ್ರೆ ಎಲ್ಲಾ ಕಾರಿಂದೂ ನಿಮ್ಗೇ."

ಕಣ್ಣಿನ ವಿಷಯ ಹೇಳಿಬಿಡೋಣ ಎಂದೆ. ಅಪ್ಪ ಕೇಳಲಿಲ್ಲ. ಈ ಕೆಲಸ ಕೈತಪ್ಪಿದರೆ ಅವರು ಮತ್ತೆ ಸೂಜಿ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು, ಅದಕ್ಕೇ ಸುಮ್ಮನಾದೆ. ಅವರ ಲೆಕ್ಕ ಬಾಯಿಪಾಠ: ಸೂಜಿಗೆ ಒಂದು ಮಾರು ದಾರ, ಸ್ಟೇರಿಂಗಿಗೆ ಆರು ಸೂಜಿ. ಮಾರೆಂದರೆ ಹೂವಿನವರು ಅಳೆಯುವ ಹಾಗೆ, ಎರಡೂ ಕೈ ಚಾಚಿದಷ್ಟು ಉದ್ದ. ಏಳನೆಯದೊಂದು ಇರಲಿ ಎಂದರೆ ಸಿಡುಕಿದರು. "ಯಾಕೆ, ನನ್ ಲೆಕ್ಕದ ಮೇಲೆ ನಂಬ್ಕೆ ಇಲ್ವಾ?" ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹಾಳಾಗಿ ಹೋಗಲಿ ಎಂದು ಆರೇ ಪೋಣಿಸಿದೆ.

ಬ್ಯಾಂಕಿಗೆ ರಜೆ ಹಾಕಿ ಜೊತೆಗೆ ಹೊರಟೆ. ಮೆಟ್ರೋದಲ್ಲಿ ಕೆ.ಆರ್.ಪುರದವರೆಗೆ ಅಪ್ಪ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದರು. ಎದೆನೋವೇ ಎಂದು ಪಕ್ಕದವರು ವಿಚಾರಿಸಿದರು.

ಕಾರ್ಖಾನೆ ಎಂದರೆ ಮದುವೆ ಛತ್ರದ ಊಟದ ಹಾಲಿನಷ್ಟು ದೊಡ್ಡ ಶೆಡ್ಡು. ನಾಲ್ಕೇ ಕಾರು. ಒಂದಕ್ಕೆ ಚಕ್ರವಿಲ್ಲ, ಇನ್ನೊಂದರ ಫೈಬರ್ ಮೈ ಸರಪಳಿಯಲ್ಲಿ ತೂಗಾಡುತ್ತಿತ್ತು. ಮುಗಿದು ನಿಂತಿದ್ದ ಕೆಂಪು ಕಾರು ನನ್ನ ಸೊಂಟಕ್ಕೆ ಬರುತ್ತಿತ್ತು. ಅದರೊಳಗೆ ಕೂರಬೇಕಾದರೆ ಮೊದಲು ಯೋಗಾಸನ ಕಲಿಯಬೇಕು. ನೆಲದ ಹಳದಿ ಗೆರೆಯ ಆಚೆ ನನ್ನನ್ನು ನಿಲ್ಲಿಸಿ ಅಪ್ಪನನ್ನು ಒಳಗೆ ಕರೆದರು. ಮೇಜಿನ ಮೇಲೆ ಸ್ಟೇರಿಂಗು, ಕಪ್ಪು ಚರ್ಮ. ಸುತ್ತ ಮಾಲೀಕರೂ ಮೂವರು ಕೆಲಸಗಾರರೂ ನಿಂತರು.

ಮೊದಲ ಸೂಜಿ ತೆಗೆದು ಅಪ್ಪ ದಾರ ಎಳೆದರು. ಅಂಗಡಿಯಲ್ಲಿ ಮೊದಲ ಎಳೆತಕ್ಕೆ ಅವರ ತೋಳು ಪೂರ್ತಿ ಚಾಚಿಕೊಳ್ಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆವತ್ತು ಮೊಣಕೈ ಇನ್ನೂ ಮಡಚಿಕೊಂಡಿರುವಾಗಲೇ ದಾರ ಬಿಗಿಯಿತು. ಅಪ್ಪ ಅರೆಕ್ಷಣ ತಡೆದರು. ಬೆಳಿಗ್ಗೆ ದಾರ ಕತ್ತರಿಸುವಾಗ ಅಳೆದದ್ದು ನನ್ನ ಕೈಯಿಂದ. ಅಪ್ಪ ಆರಡಿ ಆಳು, ನಾನು ಅವರ ಭುಜಕ್ಕೂ ಬರುವುದಿಲ್ಲ.

ಎರಡು, ಮೂರು, ನಾಲ್ಕು. ಪ್ರತಿ ಸೂಜಿಯೂ ಬೇಗ ಮುಗಿಯುತ್ತಿತ್ತು. ಅಪ್ಪ ನಡುನಡುವೆ ತೂತು ಬಿಟ್ಟು ಹೊಲಿದಿದ್ದರೆ ದಾರ ಸಾಲುತ್ತಿತ್ತೇನೋ, ಬಿಡಲಿಲ್ಲ. ಐದು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆರನೆಯದು ಮುಗಿದಾಗ ಇನ್ನೂ ಒಂದು ಗೇಣು ಚರ್ಮ ಬಾಯಿ ತೆರೆದುಕೊಂಡಿತ್ತು.

ಅಪ್ಪನ ಕೈ ಎದೆಯ ಮೇಲೆ ತಡಕಾಡಿತು. ಆಮೇಲೆ ಚೀಲದಿಂದ ದಾರದ ಉಂಡೆ ತೆಗೆದು, ಕತ್ತರಿಸಿ, ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದರು. ದಾರ ಪಕ್ಕಕ್ಕೆ ಹೋಯಿತು. ಇನ್ನೊಮ್ಮೆ. ಮತ್ತೊಮ್ಮೆ. ಮೂಲೆಯಲ್ಲಿ ಬಣ್ಣ ಉಜ್ಜುತ್ತಿದ್ದವನೂ ಕೈ ನಿಲ್ಲಿಸಿ ನೋಡಿದ.

ನಾನು ಗೆರೆ ದಾಟಿದೆ. "ಸಾರ್, ಅಪ್ಪಂಗೆ ಹತ್ರದ್ದು ಕಾಣಲ್ಲ. ಸೂಜಿಗೆಲ್ಲಾ ನಾನೇ ಪೋಣ್ಸಿದ್ದು. ದಾರ ಕಮ್ಮಿ ಮಾಡಿದ್ದೂ ನಾನೇ."

"ನೀನ್ ಸುಮ್ನಿರು," ಎಂದರು ಅಪ್ಪ. ಮುಖ ನನ್ನ ಕಡೆ ತಿರುಗಿಸಲಿಲ್ಲ. ಆದರೆ ಸೂಜಿ ಕೊಟ್ಟರು. ನಾನೂ ಎರಡು ಸಲ ತಪ್ಪಿದೆ. ಉಳಿದದ್ದನ್ನು ಅವರು ಅದೇ ಬಿಗಿಯಲ್ಲಿ ಹೊಲಿದು ಮುಗಿಸಿದರು.

ಮಾಲೀಕರು ಸ್ಟೇರಿಂಗ್ ಎತ್ತಿಕೊಂಡು ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಒಂದು ಸುತ್ತು, ಇನ್ನೊಂದು ಸುತ್ತು. "ದಾರ ಪೋಣ್ಸೋಕೆ ಇಲ್ಲಿ ಯಾರಿಗ್ ಬೇಕಾದ್ರೂ ಬರುತ್ತೆ. ಹೀಗೆ ಹೊಲಿಯೋಕೆ ಬರಲ್ಲ. ಸೋಮವಾರ ಬನ್ನಿ ಯಜಮಾನ್ರೇ."

"ಯೋಚ್ನೆ ಮಾಡಿ ಹೇಳ್ತೀನಿ ಸಾರ್," ಎಂದರು ಅಪ್ಪ. ನನಗೆ ಅಳು ಬಂತು.

ವಾಪಸು ಮೆಟ್ರೋ ಹತ್ತಿದೆವು. ಅಷ್ಟು ಜನರ ಮುಂದೆ ಅವರ ಮಾನ ಕಳೆದೆ ಎಂದು ನಾನು ಕಿಟಕಿಯ ಕಡೆಗೇ ನೋಡುತ್ತಿದ್ದೆ. ಮನೆಗೆ ಬಂದು ಅಪ್ಪ ಚಪ್ಪಲಿ ಬಿಟ್ಟವರೇ ಕೋಣೆ ಸೇರಿದರು. ಅಡುಗೆಮನೆಯಲ್ಲಿ ನಾನು ಸಾರಿಗೆ ಬೇಳೆ ತೊಳೆಯುತ್ತಿದ್ದಾಗ ಹಿಂದೆ ಬಂದು ನಿಂತರು.

"ಕೈ ಚಾಚು."

ಒದ್ದೆ ಕೈಗಳನ್ನು ಎರಡೂ ಕಡೆಗೆ ಚಾಚಿದೆ. ನನ್ನ ಎಡಗೈ ಬೆರಳ ತುದಿಯಿಂದ ಶುರುಮಾಡಿ, ತೋಳು, ಬೆನ್ನು ದಾಟಿ ಬಲಗೈ ಬೆರಳ ತುದಿಯವರೆಗೆ ಅಪ್ಪ ನಿಧಾನವಾಗಿ ಗೇಣು ಹಾಕಿದರು. ತುಟಿಯಲ್ಲೇ ಲೆಕ್ಕ ಮಾಡಿಕೊಂಡರು.

"ನಿನ್ ಮಾರಿಗೆ ಏಳು ಸೂಜಿ ಬೇಕು," ಎಂದರು. "ಸೋಮವಾರ ಏಳು ಪೋಣ್ಸು."