ಚಕ್ರದ ಮೇಲೆ ನಾಲ್ಕು ಬೆರಳು

ಬಿಂಡಿಗನವಿಲೆಯ ನಮ್ಮ ಪಕ್ಕದ ಮನೆಯಣ್ಣ ಯಾವ ಕಾರು ಕಂಡರೂ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡುತ್ತಿದ್ದ. ದಿನಾ ನಾಗಮಂಗಲಕ್ಕೆ ಕೆಲಸಕ್ಕೆ ಹೋಗುವ ಅವನ ಕಾರಿನಲ್ಲಿ ನಾಲ್ಕು ಬೆರಳು ಹಿಡಿಸುತ್ತಿದ್ದವು. "ಎರಡೇ ಇರ್ಬೇಕು ಕಣ್ಲಾ, ಕಾರು ತಗ್ಗಿದ್ರೇನೇ ಚೆಂದ," ಎನ್ನುತ್ತಿದ್ದ.

ಕಾರು ತಗ್ಗಿಸುವ ಗಿಡ್ಡ ಸ್ಪ್ರಿಂಗು ಹಾಕಿಸಲು ಹೊರಟ ದಿನ ಅವನವ್ವ ರಸ್ತೆಯ ಮೇಲೆ ಹುರುಳಿ ಗಿಡ ಹರವುತ್ತಿದ್ದಳು. ಪ್ರತಿ ವರ್ಷವೂ ಅದನ್ನು ತುಳಿದು ಕಾಳು ಬಿಡಿಸುತ್ತಿದ್ದುದು ಅದೇ ಕಾರು.

"ತಗ್ಗಿಸ್ಬುಟ್ರೆ ಗಿಡ ಎಲ್ಲ ಕಾರಿನ್ ಅಡಿಗೆ ಸುತ್ಕೊಳ್ಳಾಕಿಲ್ವೇನ್ಲಾ? ಮುಂದಿನ್ ವರ್ಸ ನನ್ ಉಳ್ಳಿ ಯಾರ್ ತುಳಿಸ್ತಾರೆ?"

ಗ್ಯಾರೇಜಿನಲ್ಲಿ ಅಣ್ಣ, ಬೇಕಾದಾಗ ಎತ್ತರ ಬದಲಿಸಬಹುದಾದ ದುಬಾರಿ ಸಸ್ಪೆನ್ಷನ್ನನ್ನೇ ಆರಿಸಿದ.

ಮರುವರ್ಷ ಒಕ್ಕಣೆಯ ಬೆಳಿಗ್ಗೆ ಜಾಕು ಕೊಟ್ಟು, ಸ್ಪ್ಯಾನರು ಹಿಡಿದು, ಒಂದೊಂದೇ ಚಕ್ರದ ಪಕ್ಕ ಮಲಗಿ ತಗ್ಗಿಸಿದ್ದ ಕಾರನ್ನು ಮತ್ತೆ ಎತ್ತರಿಸಿದ. ಎದ್ದು ಬೆರಳು ತೂರಿಸಿ ಕೂಗಿದ: "ನಾಕೂ ಇಡುಸ್ತವೆ ಕಣವ್ವ, ಉಳ್ಳಿ ಅರವು!"