ಮದ್ದು ಕುಡಿದ ಮೀನುಹೊಂಡ

ನಾವು ಕುರಿ ಕಾಯುವ ಜನ. ಮೀನು ಸಾಕೋಣ ಎಂದು ನನ್ನ ಗಂಡ ಹೇಳಿದಾಗ ನಮ್ಮತ್ತೆ ಒಲೆಯ ಮುಂದಿನಿಂದ ತಲೆಯನ್ನೂ ಎತ್ತದೆ, "ಕುರಿಗೆ ಕಾಯ್ಲೆ ಬಂದ್ರೆ ಕೂಗ್ತೈತೆ. ಮೀನಿಗೆ ಬಂದ್ರೆ ಎಂಗ್ಲಾ ಗೊತ್ತಾಗದು?" ಎಂದಿದ್ದರು.

"ಎಲ್ಲಾ ಫೋನಲ್ಲಿ ಐತೆ ಬುಡಮ್ಮ" ಎಂದು ಅವನು ನಕ್ಕಿದ್ದ. ನನ್ನ ಗಂಡ ನನಗೆ ಸೋದರಮಾವನ ಮಗ. ಕೂಡಿ ಆಡಿ ಬೆಳೆದವನಾದ್ದರಿಂದ ನನಗೆ ಇಂದಿಗೂ ಅವನು ಏಕವಚನವೇ.

ತಮಿಳುನಾಡಿನ ಕೊಳತ್ತೂರಿನ ಆಚೆ, ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನ ಕಡೆಗೆ ಇಳಿಯುವ ನಮ್ಮ ಹೊಲದಲ್ಲಿ ಜೆಸಿಬಿ ತರಿಸಿ ಹೊಂಡ ತೋಡಿಸಿದೆವು. ಕೆಂಪು ಜಲ್ಲಿಮಣ್ಣಿನಲ್ಲಿ ನೀರು ನಿಲ್ಲದೆಂದು ತಳಕ್ಕೆ ನೀಲಿ ಪ್ಲಾಸ್ಟಿಕ್ ಶೀಟು ಹಾಸಿ, ಬೋರ್‌ವೆಲ್ ನೀರು ತುಂಬಿಸಿ, ಜಿಲೇಬಿ ಮೀನಿನ ಮರಿ ಬಿಟ್ಟೆವು. ಮೊದಲ ವರ್ಷ ಎಲ್ಲ ಸರಿಯಾಗಿತ್ತು. ಭಾನುವಾರ ಬೆಳಗಾದರೆ ಜನ ಬೈಕಿನಲ್ಲಿ ಬಂದು ಹೊಂಡದ ಬದುವಿನ ಮೇಲೇ ನಿಂತು ಮೀನು ಕೊಳ್ಳುತ್ತಿದ್ದರು. ಗಂಡ ಬಲೆ ಎಳೆಯುತ್ತಿದ್ದ. ನಾನು ಬೇವಿನ ಮರದ ಕೆಳಗೆ ಕೂತು ಹುರುಪೆ ತೆಗೆದು ಕೊಯ್ದು ಕೊಡುತ್ತಿದ್ದೆ.

ಹೊಂಡದ ಹಳೇ ನೀರನ್ನು ಆಗಾಗ ಪೈಪಿನಲ್ಲಿ ಕೆಳಗಿನ ಹಳ್ಳಕ್ಕೆ ಬಿಡುತ್ತಿದ್ದೆವು. ಹಳ್ಳದ ದಂಡೆಯಲ್ಲಿ ನಮ್ಮ ಜನದವಳೇ ಆದ ಒಬ್ಬ ವಿಧವೆಯ ಹೊಲವಿದೆ. ಊರೆಲ್ಲ ಅವಳನ್ನು ಕೆಳಹೊಲದಕ್ಕ ಎನ್ನುತ್ತದೆ. ಬೇಸಿಗೆಯಲ್ಲೂ ತನ್ನ ಕುರಿಗಳಿಗೆ ನೀರು ಸಿಕ್ಕಿತೆಂದು ಅವಳು ನಮ್ಮನ್ನು ಹರಸುತ್ತಿದ್ದಳು.

ಎರಡನೆಯ ಬೇಸಿಗೆಯಲ್ಲಿ ಮೀನುಗಳ ಮೈಮೇಲೆ ಕೆಂಪು ಹುಣ್ಣು ಕಾಣಿಸಿಕೊಂಡಿತು. ಬಾಲ ಕೊಳೆತ ಮೀನುಗಳು ದಡಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಗಂಡ ಮೀನಿನ ಮೇವು ಮಾರುವ ಅಂಗಡಿಗೆ ಹೋಗಿ ಹಳದಿ ಪುಡಿಯ ಒಂದು ಪೊಟ್ಟಣ ತಂದ.

"ಏನಿದು?" ಎಂದೆ.

"ಆಂಟಿಬಯಾಟಿಕ್ಕಂತೆ. ಕೋಳಿಗೂ ಇದೇನೇ, ಮೀನಿಗೂ ಇದೇನೇ ಅಂದ ಅಂಗಡಿಯವ."

ಪುಡಿಯನ್ನು ಗಂಜಿಯಲ್ಲಿ ಕಲಸಿ ಮೇವಿಗೆ ಸವರಿ ಎರಚಿದ. ಹುಣ್ಣು ಮಾಯವಾಯಿತು. ಆಮೇಲೆ ಹುಣ್ಣು ಇರಲಿ ಇಲ್ಲದಿರಲಿ, ಬಂದೀತು ಎಂಬ ಭಯಕ್ಕೇ ಪುಡಿ ಬೀಳತೊಡಗಿತು. ಮರುವರ್ಷ ಹುಣ್ಣು ಮತ್ತೆ ಬಂದಾಗ ಆ ಪುಡಿ ನಾಟಲಿಲ್ಲ. ಅಂಗಡಿಯವನು ಬೇರೆ ಪೊಟ್ಟಣ ಕೊಟ್ಟ, ಬಿಳಿಯದು. ಅದೂ ಹೊಂಡಕ್ಕೆ ಹೋಯಿತು.

ಮುಳ್ಳು ಚುಚ್ಚಿದ್ದು ಆ ಬೇಸಿಗೆಯ ಒಂದು ಭಾನುವಾರ. ಗಿರಾಕಿಗಳು ಅವಸರ ಮಾಡುತ್ತಿದ್ದರು. ಮೀನಿನ ಕರುಳು ತೆಗೆಯುವಾಗ ಅದರೊಳಗೆ ನೂಲಿನಂಥ, ಉಗುರಿನ ಚೂರಿನಂಥ ನೀಲಿ ತುಣುಕುಗಳು ಕಂಡವು. ಹಿಂದೆಯೂ ಆಗೀಗ ಕಾಣುತ್ತಿದ್ದವು. ಅಂದು ಹೆಚ್ಚಿದ್ದವು. ಅದೇನೆಂದು ಬಗ್ಗಿ ನೋಡುತ್ತಿರುವಾಗ ಕೈಯಲ್ಲಿದ್ದ ಇನ್ನೊಂದು ಮೀನು ಒದ್ದಾಡಿ, ಅದರ ಬೆನ್ನಿನ ಮುಳ್ಳು ನನ್ನ ಬಲಗೈ ಹೆಬ್ಬೆರಳಿಗೆ ಆಳವಾಗಿ ಇಳಿಯಿತು. ಕಿತ್ತು, ಅರಿಸಿನ ಒತ್ತಿ, ಕೆಲಸ ಮುಗಿಸಿದೆ. ಮೀನು ಮುಟ್ಟುವವರಿಗೆ ಮುಳ್ಳು ಹೊಸದಲ್ಲ.

ಮರುದಿನ ಬೆರಳು ಬದನೆಕಾಯಿಯಂತೆ ಊದಿತ್ತು. ಕೊಳತ್ತೂರಿನ ಡಾಕ್ಟರು ಮಾತ್ರೆ ಕೊಟ್ಟರು. ನುಂಗಿದೆ. ಊತ ಇಳಿಯಲಿಲ್ಲ. ಬೆರಳಿನ ತುದಿ ಕಪ್ಪಾಗುತ್ತಾ ಬಂತು. ಮೈ ಕೆಂಡವಾಯಿತು. ಆದರೂ ನಾನು ಬಟ್ಟೆ ಒಗೆಯಲು ಕೂತಾಗ ನನ್ನ ಮುಂಗೈಯಲ್ಲಿ ಒಂದು ಕೆಂಪು ಗೆರೆ ಮೇಲಕ್ಕೆ ಹರಿಯುತ್ತಿರುವುದನ್ನು ಮೊದಲು ಕಂಡವರು ಅತ್ತೆ.

"ಲೇ, ಇವ್ಳ ಕೈ ನೋಡ್ಲಾ! ಸೀಕ್ರಂ ವಂಡಿ ಕರಿ, ಸೇಲಂಗೆ ಓಗ್ರಿ!" ಎಂದು ಬೇಗ ಗಾಡಿ ತರಿಸಲು ಕೂಗಿಕೊಂಡರು. ಗಾಡಿ ಬರುವ ತನಕ ನನ್ನ ಮೊಣಕೈಯನ್ನು ತಮ್ಮ ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತರು. ಆ ಗೆರೆಯನ್ನು ಅಲ್ಲೇ ತಡೆದು ನಿಲ್ಲಿಸುವವರಂತೆ.

ಸೇಲಂ ಆಸ್ಪತ್ರೆಯ ಡಾಕ್ಟರಮ್ಮ ಕೈ ನೋಡಿದವರೇ ಹೆಚ್ಚು ಮಾತಾಡದೆ ಬೆರಳನ್ನು ಸೀಳಿ ಕೀವು ತೆಗೆಸಿದರು. ಕೀವನ್ನು ಪರೀಕ್ಷೆಗೆ ಕಳಿಸಿ ಡ್ರಿಪ್ ಹಾಕಿಸಿದರು. ನರ್ಸೊಬ್ಬಳು ಬಂದು ನನ್ನ ತೋಳಿನ ಕೆಂಪು ಎಲ್ಲಿಗೆ ಮುಗಿದಿತ್ತೋ ಅಲ್ಲಿ ಪೆನ್ನಿನಿಂದ ಗೀಟು ಎಳೆದಳು.

"ಇದ್ಯಾಕೆ?" ಎಂದು ಕೇಳಿದೆ.

"ಕೆಂಪು ಇದನ್ನು ದಾಟುತ್ತದೋ ಇಲ್ಲವೋ ನೋಡೋದಕ್ಕೆ" ಎಂದು ತಮಿಳಿನಲ್ಲಿ ಹೇಳಿದಳು. "ನೀವು ನೋಡ್ತಾ ಇರಬೇಡಿ."

ನೋಡದೆ ಇರುವುದು ಹೇಗೆ? ಮಂಚದ ಮೇಲೆ ಮಲಗಿ ನಾನು ಮಾಡಿದ ಕೆಲಸ ಅದೊಂದೇ. ಕೆಂಪು ಗೀಟನ್ನು ಮುಟ್ಟಿತು. ನನ್ನ ಕಣ್ಣಿನ ಭ್ರಮೆ ಎಂದುಕೊಂಡೆ. ಗಂಡನನ್ನು ಕೇಳಿದೆ. ಅವನು ಕಿಟಕಿಯ ಕಡೆ ತಿರುಗಿ, "ಅಂಗೇ ಐತೆ" ಎಂದ. ಅವನ ದನಿಯಲ್ಲೇ ತಿಳಿಯಿತು. ಡ್ರಿಪ್ ಬದಲಾಯಿತು. ನರ್ಸು ಮೊಣಕೈಯ ಕೆಳಗೆ ಇನ್ನೊಂದು ಗೀಟು ಎಳೆದಳು.

ಕೀವಿನ ವರದಿ ಬಂದಾಗ ಡಾಕ್ಟರಮ್ಮ ಮಂಚದ ಪಕ್ಕದಲ್ಲಿ ಕುರ್ಚಿ ಎಳೆದು ಕೂತರು. ಡಾಕ್ಟರು ಕೂತುಕೊಂಡರೆ ಸುದ್ದಿ ಒಳ್ಳೆಯದಲ್ಲ ಎಂದು ನನಗೆ ಅನ್ನಿಸಿತು.

"ಮಾಮೂಲಿ ಔಷಧಿ ಯಾವುದಕ್ಕೂ ಈ ರೋಗಾಣು ಬಗ್ಗುತ್ತಿಲ್ಲ. ಹಿಂದೆ ಆಂಟಿಬಯಾಟಿಕ್ ಬಹಳ ತಿಂದಿದ್ದೀರಾ?"

"ಇಲ್ಲಮ್ಮಾ. ಹೆರಿಗೆಯಲ್ಲಿ ಬಿಟ್ಟರೆ ಆಸ್ಪತ್ರೆಯನ್ನೇ ಕಂಡವಳಲ್ಲ."

"ಮುಳ್ಳು ಚುಚ್ಚಿದ್ದು ಸಾಕಿದ ಮೀನಿಂದಲ್ಲವಾ? ಹೊಂಡಕ್ಕೆ ಎನ್ನ ಮರುಂದು ಪೋಡರೀಂಗ?"

ಏನು ಮದ್ದು ಹಾಕುತ್ತೀರಿ ಎಂಬ ಆ ಪ್ರಶ್ನೆಗೆ ನನ್ನ ಗಂಡ ಗೋಡೆಗೆ ಒರಗಿದ. ಹಳದಿ ಪುಡಿ, ಬಿಳಿ ಪುಡಿ ಎಂದು ತೊದಲಿದ. ಹೆಸರು ನೆನಪಿಗೆ ಬರಲಿಲ್ಲ. ಡಾಕ್ಟರಮ್ಮ ಪೊಟ್ಟಣ ನೋಡಬೇಕೆಂದರು. ಅವನು ಮನೆಗೆ ವಿಡಿಯೋ ಕಾಲ್ ಮಾಡಿದ. ಫೋನಿನ ತುಂಬ ಮೊದಲು ನಮ್ಮ ಮನೆಯ ತಗಡಿನ ಮಾಡು ಬಂತು, ಆಮೇಲೆ ಅತ್ತೆಯ ಮೂಗು.

"ಎಂಗವ್ಳೆ? ಕೈ ಎಂಗೈತೆ?"

"ಅಮ್ಮಾ, ಮೀನಿನ ಮದ್ದಿನ ಪಾಕೆಟ್ ತೋರ್ಸು. ಮೊಕ ಅಲ್ಲ, ಪಾಕೆಟ್!"

ಅವರು ಎಲ್ಲೆಲ್ಲೋ ತಡಕಾಡಿ ಎರಡು ಪೊಟ್ಟಣಗಳನ್ನು ಫೋನಿನ ಮುಂದೆ ಹಿಡಿದರು. ಅಕ್ಷರಗಳು ನಿಲ್ಲದೆ ಕುಣಿಯುತ್ತಿದ್ದವು. "ಅಲ್ಲಾಡಿಸ್ಬ್ಯಾಡಮ್ಮಾ" ಎಂದು ಅವನು ಗದರಿದ. ಮರುಕ್ಷಣ ದನಿ ತಗ್ಗಿಸಿ, "ಕಟ್ಟೆ ಮ್ಯಾಲೆ ಇಟ್ಟು ತೋರ್ಸಮ್ಮ, ಪರವಾಯಿಲ್ಲೆ" ಎಂದ. ಡಾಕ್ಟರಮ್ಮ ಕಣ್ಣು ಕಿರಿದುಮಾಡಿ ಓದಿಕೊಂಡರು. ಕೊಳತ್ತೂರಿನಲ್ಲಿ ನನಗೆ ಕೊಟ್ಟ ಮಾತ್ರೆಯೂ ಹಳದಿ ಪುಡಿಯೂ ಒಂದೇ ಜಾತಿಯ ಮದ್ದು ಎಂದರು.

"ಹೊಂಡಕ್ಕೆ ಹಾಕಿದ್ದೆಲ್ಲ ಮೀನಿನ ಹೊಟ್ಟೆಯಲ್ಲೇ ಉಳಿಯೋದಿಲ್ಲ. ನೀರಿಗೆ, ಕೆಸರಿಗೆ ಇಳಿಯುತ್ತದೆ. ಅಲ್ಲಿರುವ ರೋಗಾಣು ಅದನ್ನು ದಿನಾ ಸ್ವಲ್ಪ ಸ್ವಲ್ಪ ಉಂಡು ಪಳಗಿಬಿಡುತ್ತದೆ. ನಿಮ್ಮ ಬೆರಳಿಗೆ ಬಂದದ್ದು ಅಲ್ಲಿಂದಲೇ ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಬೇರೆ ಕಾರಣ ನನಗೆ ಕಾಣುತ್ತಿಲ್ಲ."

ಉಳಿದ ಔಷಧಿ ಒಂದೇ. ಅದು ಮೂತ್ರಪಿಂಡಕ್ಕೆ ಕೆಡುಕು ಮಾಡಬಹುದು. ಹೆಬ್ಬೆರಳಿನ ಸತ್ತ ಭಾಗವನ್ನು ತೆಗೆಯಲೇಬೇಕು, ತಡಮಾಡಿದರೆ ಕೈಗೇ ಸಂಚಕಾರ ಎಂದು ಹೇಳಿದರು. ಗಂಡ ನನ್ನ ಮುಖ ನೋಡಿದ. ಅಳುತ್ತಾನೆ ಅನ್ನಿಸಿತು. ನಾನೇ, "ತೆಗೀರಮ್ಮಾ" ಎಂದೆ.

ಉಗುರಿನ ಗೆಣ್ಣಿನವರೆಗೆ ತೆಗೆದರು. ಎಚ್ಚರವಾದಾಗ ನಾನು ಮೊದಲು ನೋಡಿದ್ದು ಬೆರಳನ್ನಲ್ಲ, ಮೊಣಕೈಯ ಗೀಟನ್ನು. ಕೆಂಪು ಅದಕ್ಕಿಂತ ಕೆಳಗೇ ಇತ್ತು. ನರ್ಸು ಬಂದು ನೋಡಿ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡು ಹೋದಳು. ಆಗ ನನಗೆ ಅಳು ಬಂತು.

ಆಸ್ಪತ್ರೆಯಿಂದ ಬಿಡುವ ದಿನ ನನ್ನನ್ನು ಕರೆತರಲು ಗಂಡ ಬರಲಿಲ್ಲ, ಅತ್ತೆ ಬಂದರು. ಹೊಂಡದಲ್ಲಿ ಮೀನು ಸಾಯುತ್ತಿವೆ, ನಾತಕ್ಕೆ ನಿಲ್ಲಲಾಗುತ್ತಿಲ್ಲ ಎಂದಷ್ಟೇ ಹೇಳಿದರು. ಮೆಟ್ಟೂರಿನಲ್ಲಿ ಬಸ್ಸು ಬದಲಿಸಿ, ಕೊಳತ್ತೂರಿನಿಂದ ಆಟೋದಲ್ಲಿ ಬಂದು ಇಳಿದಾಗ ಹೊಲದ ಕಡೆಯಿಂದ ಕೂಗಾಟ ಕೇಳುತ್ತಿತ್ತು. ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ನಾನು ಅತ್ತ ನಡೆದೆ.

ಗಂಡ ಪೈಪಿನ ಬಾಯಿಯ ಬಳಿ ನಿಂತಿದ್ದ. ಹೊಂಡದ ನೀರನ್ನೆಲ್ಲ ಒಮ್ಮೆಗೇ ಹಳ್ಳಕ್ಕೆ ಬಿಟ್ಟು ಕೈತೊಳೆದುಕೊಳ್ಳಲು ಹೊರಟಿದ್ದ. ಕೆಳಹೊಲದಕ್ಕ ಪೈಪಿನ ಬಾಯಿಗೆ ಬೆನ್ನು ಕೊಟ್ಟು ಕೂತಿದ್ದಳು. ಸೀರೆಯೆಲ್ಲ ಕೆಸರು.

"ಏಳಕ್ಕಾ. ಮರ್ಯಾದೆಯಾಗಿ ಯೋಳ್ತಿವ್ನಿ."

"ಏಳಾಕಿಲ್ಲ. ನಿನ್ನ ಎಂಡ್ರ ಬೆರಳು ತಿಂದ ನೀರ್ನ ನನ್ನ ಕುರಿಗೆ ಕುಡಿಸ್ತೀಯೇನ್ಲಾ?"

"ಇಷ್ಟು ದಿನ ಕುಡೀಲಿಲ್ವ ನಿನ್ನ ಕುರಿ?"

"ಗೊತ್ತಿಲ್ದೆ ಕುಡುದ್ವು. ಈಗ ಗೊತ್ತಾಗೈತೆ."

"ಮತ್ತೆ ನಾನೆಲ್ಲಿಗೆ ಒತ್ಕೊಂಡು ಓಗ್ಲಿ ಈ ನೀರ? ತಲೆ ಮ್ಯಾಲೆ ಸುರ್ಕೊಳ್ಳಾ?"

ಅವನ ಕೈಯಲ್ಲಿ ಗುದ್ದಲಿ ಇತ್ತು. ಅವನು ಯಾರ ಮೇಲೂ ಕೈಯೆತ್ತಿದವನಲ್ಲ. ಆದರೆ ನಿದ್ದೆಯಿಲ್ಲದ, ಊಟವಿಲ್ಲದ ಅವನ ಆ ಕಣ್ಣುಗಳನ್ನು ನಾನು ಹಿಂದೆ ಕಂಡಿರಲಿಲ್ಲ. ನಾನು ಹೋಗಿ ಅಕ್ಕನ ಪಕ್ಕದಲ್ಲಿ ಕೂತೆ. ಯೋಚಿಸಿ ಮಾಡಿದ್ದಲ್ಲ. ಕಾಲು ಸೋತಿತ್ತು, ಕೂರಲು ಅಲ್ಲಿ ಜಾಗವಿತ್ತು.

ಅವನು ನನ್ನನ್ನೂ ನನ್ನ ಕೈಯನ್ನೂ ನೋಡಿದ. "ನೀನೂನಾ?" ಎಂದ.

"ಬಿಡಬ್ಯಾಡ ಕಣೋ" ಎಂದೆ. "ಇಲ್ಲೇ ಬತ್ತಲಿ."

ಗುದ್ದಲಿಯನ್ನು ಅಲ್ಲೇ ಎಸೆದು ಮನೆಗೆ ಹೋದ. ಸಂಜೆ ಬಂದು ಸತ್ತ ಮೀನುಗಳನ್ನು ಬಲೆಯಲ್ಲಿ ಎಳೆದು ಹಾಕಿ, ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದ.

ಆ ಬೇಸಿಗೆಯಿಡೀ ನಾವು ನೀರು ಬತ್ತುವುದನ್ನು ಕಾದೆವು. ಬೋರ್‌ವೆಲ್ ಮೋಟರು ಮುಟ್ಟಲಿಲ್ಲ. ಕೆಳಹೊಲದಕ್ಕ ನಮ್ಮ ಮಾತು ನಂಬದೆ ದಿನವೂ ಕುರಿಗಳನ್ನು ಬದುವಿನ ಆಚೆ ಬಿಟ್ಟು ಕೋಲು ಹಿಡಿದು ಪೈಪಿನ ಬಳಿ ಕೂರುತ್ತಿದ್ದಳು. ನೀರು ಇಳಿದಂತೆ ನೀಲಿ ಶೀಟು ಮೇಲೆದ್ದಿತು. ಬಿಸಿಲಿಗೆ ಬೆಂದ ಅದರ ಅಂಚನ್ನು ಅತ್ತೆ ಎತ್ತಿ ನೋಡಿದರೆ ಹಪ್ಪಳದಂತೆ ಪುಡಿಯಾಯಿತು. ಮೀನಿನ ಕರುಳಿನಲ್ಲಿ ನಾನು ಕಂಡ ನೀಲಿ ಚೂರುಗಳು ಅವೇ ಎಂದು ಆಗ ಅರ್ಥವಾಯಿತು. ಕಣ್ಣಿಗೆ ಕಂಡದ್ದು ಅಷ್ಟು. ಕಾಣದಷ್ಟು ಸಣ್ಣದು ಮೀನಿನ ಜೊತೆ ಯಾರ್ಯಾರ ಮನೆಗೆ ಹೋಯಿತೋ! ಕೊನೆಗೆ ತಳದಲ್ಲಿ ಕರಿಯ ಕೆಸರು ಮಾತ್ರ ಉಳಿಯಿತು. ಅದನ್ನು ಬಾಚಿ, ಮೇಯುವ ಪ್ರಾಣಿ ಬಾರದ ಮೇಲಿನ ಕಲ್ಲುಭೂಮಿಯಲ್ಲಿ ಹೂಳಬೇಕೆಂದು ಗಂಡ ಗುಂಡಿ ತೋಡತೊಡಗಿದ.

ಗುಂಡಿ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಮಳೆ ಬಂತು. ಮೇಲಿನ ಗುಡ್ಡದ ಕಡೆಯಿಂದ ಕೆಂಪು ನೀರು ಹರಿದು ನೇರ ಹೊಂಡಕ್ಕೆ ಇಳಿಯತೊಡಗಿತು. ಕೆಸರು ಕದಡಿ ನೀರು ಏರುತ್ತಿತ್ತು. ಜೆಸಿಬಿ ಹಾಕಿದ ಬದು ಹಳ್ಳದ ಕಡೆಗೆ ತಗ್ಗಾಗಿತ್ತು. ಅಲ್ಲಿ ಉಕ್ಕಿದರೆ ಬೇಸಿಗೆಯೆಲ್ಲ ಕಾದದ್ದು ವ್ಯರ್ಥ. ಗಂಡ ಗುದ್ದಲಿ ಹಿಡಿದು ಓಡಿದ. ಅತ್ತೆ ಮೇವಿನ ಖಾಲಿ ಚೀಲಗಳನ್ನು ಹೊತ್ತು ಹಿಂದೆಯೇ ಓಡಿದರು. ನಾನು ಎಡಗೈಯಲ್ಲಿ ಮಣ್ಣು ಬಾಚಿ ಚೀಲ ತುಂಬುತ್ತಿರುವಾಗ ಯಾರೋ ಚೀಲದ ಬಾಯಿ ಅಗಲಿಸಿ ಹಿಡಿದರು. ತಲೆಯೆತ್ತಿದರೆ ಕೆಳಹೊಲದಕ್ಕ. ತನ್ನದೇ ಗುದ್ದಲಿ ತಂದಿದ್ದಳು.

"ಮಾತು ಆಮ್ಯಾಲೆ. ತುಂಬು ತುಂಬು" ಎಂದಳು.

ಅವಳೂ ನನ್ನ ಗಂಡನೂ ಅಕ್ಕಪಕ್ಕ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಚೀಲದ ಮೇಲೆ ಚೀಲ ಪೇರಿಸಿ ಮಣ್ಣು ಮೆತ್ತಿದರು. ನೀರು ಏರುತ್ತ ಬಂದು ಕೆಳಗಿನ ಚೀಲಗಳನ್ನು ನೆನೆಸಿತು. ಒಂದು ಕಡೆ ಜಿನುಗಿತು. ಅಕ್ಕ ಅಲ್ಲಿ ತನ್ನ ಕಾಲನ್ನೇ ಒತ್ತಿ ನಿಂತಳು. "ಮಣ್ಣು ಆಕ್ಲಾ, ಕಾಲ್ ಮ್ಯಾಲೇ ಆಕು!" ಎಂದು ಅರಚಿದಳು. ಅವನು ಹಾಕಿದ. ಮಳೆ ಬಂದ ರಭಸದಲ್ಲೇ ನಿಂತಿತು. ಕೆಂಪು ಕರಿ ಬೆರೆತ ನೀರು ಚೀಲಗಳ ಅಂಚಿಗೆ ಒಂದು ಗೇಣು ಕೆಳಗೆ ತಿರುಗುತ್ತ ನಿಂತಿತ್ತು. ನಾವು ನಾಲ್ವರೂ ಅದನ್ನು ನೋಡುತ್ತ ಅಲ್ಲೇ ಕೂತೆವು. ಅಕ್ಕನ ಕಾಲನ್ನು ಮಣ್ಣಿನಿಂದ ಬಿಡಿಸಿದವನು ನನ್ನ ಗಂಡ. ಅತ್ತೆ ಮನೆಯಿಂದ ನಲ್ಲಿನೀರು ತಂದು ಅವಳ ಕಾಲಿಗೆ ಸೋಪು ಹಚ್ಚಿ, ಗೀರು ಗಾಯ ಇದೆಯೇ ಎಂದು ಬೆರಳುಸಂದಿಯನ್ನೂ ಬಿಡದೆ ನೋಡಿದರು.

ಬಿಸಿಲು ಬಂದ ಮೇಲೆ ಆ ನೀರು ಮತ್ತೆ ಬತ್ತಿತು. ಕೆಸರನ್ನು ಎತ್ತಿ ಹೂತದ್ದಾಯಿತು. ಹೊಂಡಕ್ಕೆ ಮಣ್ಣು ತುಂಬಿದೆವು. ಹೂತದ್ದು ಅಲ್ಲಿಂದ ಎಲ್ಲಿಗೂ ಹೋಗುವುದಿಲ್ಲವೆಂದು ನನಗೆ ಯಾರೂ ಹೇಳಿಲ್ಲ. ನಾನು ಕೇಳಿದವರಿಗೂ ತಿಳಿದಿರಲಿಲ್ಲ. ಅಕ್ಕನ ಕುರಿಗಳು ಚೆನ್ನಾಗಿವೆ. ನಾನು ಎಡಗೈಯಲ್ಲಿ ಬೀಗ ತೆಗೆಯಲು, ತಲೆ ಬಾಚಲು ಕಲಿತಿದ್ದೇನೆ. ಸೇಲಂಗೆ ತೋರಿಸಲು ಹೋದಾಗಲೆಲ್ಲ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಇಲ್ಲಿಯವರೆಗೆ ಮೂತ್ರಪಿಂಡಕ್ಕೆ ತೊಂದರೆಯಿಲ್ಲ.

ಮೊನ್ನೆ ಕೊಳತ್ತೂರು ಸಂತೆಯಲ್ಲಿ ಒಬ್ಬ ಮೀನುಗಾರ ನಮ್ಮತ್ತೆಯನ್ನು ಅಜ್ಜಿ ಬನ್ನಿ ಎಂದು ಕರೆದು, "ವಾಂಗ ಪಾಟಿ, ಡ್ಯಾಂ ಮೀನು. ಮರುಂದು ಗಿರುಂದು ಒಂದೂ ಇಲ್ಲೆ" ಎಂದ. ನಮ್ಮ ಹಳ್ಳ ಆ ಡ್ಯಾಮಿಗೇ ಇಳಿಯುತ್ತದೆ. ಅದರಂಥ ಹಳ್ಳಗಳು, ಹೊಂಡಗಳಿಂದ ಬರುವ ಪೈಪುಗಳು ಇನ್ನೆಷ್ಟೋ. ಅತ್ತೆ ಮೀನಿನ ಕಿವಿರು ಎತ್ತಿ ನೋಡಿದರು, ಮೂಸಿದರು, ನನ್ನ ಕಡೆ ನೋಡಿದರು. ನಾನು ಬೇಡವೆನ್ನಲೂ ಇಲ್ಲ, ಬೇಕೆನ್ನಲೂ ಇಲ್ಲ. ಕೊಂಡರು.

ಮನೆಯಲ್ಲಿ ಅದನ್ನು ಕೊಯ್ದವನು ಗಂಡ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಮೊದಲು ಬೆನ್ನಿನ ಮುಳ್ಳನ್ನೆಲ್ಲ ಕತ್ತರಿಯಿಂದ ಕತ್ತರಿಸಿ ಹಾಕಿದ. ಅತ್ತೆ ಹುಣಿಸೆಹಣ್ಣು ಕಿವುಚಿ ಸಾರಿಗಿಟ್ಟರು. ಅವನು ಕರುಳನ್ನು ಬಿಡಿಸಿ, ನೀರು ಹಾಕಿ, ಕಲ್ಲಿನ ಮೇಲೆ ಹರಡಿ, ಬಗ್ಗಿ ನೋಡುತ್ತಲೇ ಇದ್ದ.