ಶಿವಗಂಗವ್ವ ಹಿಡಿದ ರೂಮು

ಕಬ್ಬೂರಿನ ಶಿವಗಂಗವ್ವ ಐದು ದಿನ ಸಮುದ್ರದ ದಂಡೆಯಲ್ಲಿ ಇದ್ದು ಬರುತ್ತೇನೆ ಎಂದಾಗ ಹಿರಿಯ ಮಗ ಅಮೋಲ ಕೇಳಿದ್ದು ಒಂದೇ ಮಾತು: "ಯಾವ ದ್ಯಾವರಿಗೆ ಅವ್ವಾ?"

ಹಾಗೆ ಕೇಳಿದ್ದು ಅವನ ತಪ್ಪಲ್ಲ. ಅರವತ್ತೆರಡು ವರ್ಷದ ಅವನ ತಾಯಿ ಮನೆ ಬಿಟ್ಟು ಬೇರೆ ಕಡೆ ಮಲಗಿದ್ದೆಂದರೆ ಹೆರಿಗೆಗೆ ತವರಿಗೆ ಹೋದಾಗ, ಮಾವನನ್ನು ಮಿರಜದ ದವಾಖಾನೆಯಲ್ಲಿ ಇಟ್ಟಾಗ, ಹರಕೆ ತೀರಿಸಲು ಶ್ರೀಶೈಲಕ್ಕೆ ಹೋದಾಗ, ಅಷ್ಟೇ. ಹೆಂಗಸು ಹೊಸ್ತಿಲು ದಾಟಲು ಏನಾದರೊಂದು ಕಾರಣ ಇರಬೇಕಿತ್ತು.

"ದ್ಯಾವರಿಗಲ್ಲಪಾ. ಸುಮ್ನ."

"ಸುಮ್ನ ಅಂದ್ರ?"

"ಸುಮ್ನ ಅಂದ್ರ ಸುಮ್ನ. ನಿಮ್ಮಪ್ಪ ಹೋಗಿ ಬರೂದಿಲ್ಲೇನ, ಹಂಗ."

ಅವಳ ಗಂಡ ರಾವಸಾಹೇಬ, ಗದ್ದೆಯ ಕಬ್ಬೆಲ್ಲ ಕಾರ್ಖಾನೆಗೆ ಸಾಗಿದ ಮೇಲೆ, ಪ್ರತಿ ಬೇಸಿಗೆ ಮೂವರು ಗೆಳೆಯರ ಜೊತೆ ಕೊಂಕಣಕ್ಕೆ ಹೋಗುತ್ತಿದ್ದ. ವೆಂಗುರ್ಲೆಯ ಆಚೆ ಒಂದು ಸಣ್ಣ ಊರು, ಅಲ್ಲಿ ಮನೆಯವರೇ ನಡೆಸುವ ನಾಲ್ಕು ರೂಮಿನ ಹೋಟೆಲು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿರಲಿಲ್ಲ. ಬರುವಾಗ ಹೆಂಡತಿಗೆ ಗೋಡಂಬಿ ತರುತ್ತಿದ್ದ. ನನ್ನನ್ನೂ ಕರೆದುಕೊಂಡು ಹೋಗಿ ಎಂದು ಅವಳು ಎರಡು ಸಲ ಕೇಳಿದ್ದಳು. "ಎಮ್ಮಿ ಯಾರು ಹಿಂಡೂದು?" ಎಂದಿದ್ದ ಒಂದು ಸಲ. ಇನ್ನೊಂದು ಸಲ, "ಅಲ್ಲೇನೈತಿ? ಬರೇ ನೀರು" ಎಂದಿದ್ದ. ಬರೇ ನೀರು ನೋಡಲು ಇಷ್ಟು ವರ್ಷ ಯಾಕೆ ಹೋಗುತ್ತೀರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ನುಂಗಿಕೊಂಡಿದ್ದಳು.

ಆ ವರ್ಷ ಮಕ್ಕಳು ಎಮ್ಮೆಗಳನ್ನು ಮಾರಿಬಿಟ್ಟರು. ಮೇವು ಹಾಕುವ ಗ್ವಾದಲಿ ಖಾಲಿಯಾದ ಮರುದಿನವೇ ಶಿವಗಂಗವ್ವ ಮಾತು ತೆಗೆದದ್ದು.

ರಾವಸಾಹೇಬ ಊಟದ ತಾಟಿನಿಂದ ತಲೆ ಎತ್ತಲಿಲ್ಲ. "ಹೆಣ್ಣಮಗಳು ಒಬ್ಬಾಕಿ ಹೋಟೆಲಿನ್ಯಾಗ ಇದ್ರ ಮಂದಿ ಏನಂದಾರು?"

"ಏನರ ಅನ್ಲಿ. ಮಂದಿ ಬಾಯಿಗೂ ಕೆಲಸ ಬೇಕಲ್ರಿ."

"ಹೋದ್ರ ಹೋಗು. ನಿಪ್ಪಾಣಿ ದಾಟೂದಿಲ್ಲ ನೀ."

ಸೋಮವಾರ ಬೆಳಿಗ್ಗೆ ಅವಳು ಒಂದು ಚೀಲದಲ್ಲಿ ಮೂರು ಸೀರೆ, ಇನ್ನೊಂದರಲ್ಲಿ ಖಟಕ ರೊಟ್ಟಿ, ಶೇಂಗಾ ಚಟ್ನಿ ತುಂಬಿಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದಳು. ಗಂಡ ತರುತ್ತಿದ್ದ ಗೋಡಂಬಿ ಆ ಹೋಟೆಲಿನವರೇ ಮಾರುವುದು, ಅವರ ವಿಳಾಸ ಚೀಲದ ಮೇಲೇ ಅಚ್ಚಾಗಿತ್ತು; ಅದನ್ನು ಕತ್ತರಿಸಿ ಕುಪ್ಪಸದಲ್ಲಿ ಇಟ್ಟುಕೊಂಡಿದ್ದಳು. ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ಸಾವಂತವಾಡಿಯ ಕೆಂಪು ಬಸ್ಸು ಮುಂದೆ ಬಂದು ನಿಂತಿತು. ಪಕ್ಕದಲ್ಲೇ ಚಿಕ್ಕೋಡಿಗೆ ಮರಳುವ ಬಸ್ಸೂ ನಿಂತಿತ್ತು; ಅದರ ಬೋರ್ಡನ್ನು ಎರಡು ಸಲ ನೋಡಿದಳು. ಆದರೆ ಗಂಡ ಆಡಿದ ಮಾತು ನೆನಪಾಗಿ, ಸೆರಗು ಬಿಗಿದುಕೊಂಡು ಕೆಂಪು ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಳು. ಆಜರಾ ದಾಟಿ, ಅಂಬೋಲಿಯ ಘಾಟು ಇಳಿದು, ಎರಡು ಬಸ್ಸು ಬದಲಿಸಿ, ಬಿಸಿಲು ಇಳಿಯುವ ಹೊತ್ತಿಗೆ ಹೋಟೆಲಿನ ಅಂಗಳದಲ್ಲಿ ನಿಂತಿದ್ದಳು.

ಕೆಂಪು ಹಂಚಿನ ಮನೆ. ತೆಂಗಿನ ಮರಗಳ ನಡುವೆ ಸಮುದ್ರ ಕಾಣುತ್ತಿತ್ತು. ಪಡಸಾಲೆಯ ಮೇಜಿನ ಹಿಂದೆ ಐವತ್ತರ ಹತ್ತಿರದ ಹೆಂಗಸು. ಹೋಟೆಲಿನ ಯಜಮಾನಿ ಸುಗಂಧಾ. ಇಬ್ಬರ ಮಾತು ಮರಾಠಿಯಲ್ಲೇ ನಡೆಯಿತು.

"ಜೊತೆಗೆ ಯಾರಿದ್ದಾರೆ?"

"ಯಾರೂ ಇಲ್ಲ."

"ಹಿಂದೆ ಬರುತ್ತಿದ್ದಾರಾ?"

"ಹಿಂದೂ ಇಲ್ಲ, ಮುಂದೂ ಇಲ್ಲ. ನಾನೇ ಬಂದೀನಿ."

ಸುಗಂಧಾ ಪೆನ್ನು ಕೆಳಗಿಟ್ಟಳು. ಎರಡು ವರ್ಷದ ಹಿಂದೆ ಒಬ್ಬಂಟಿ ಬಂದಿದ್ದವರೊಬ್ಬರು ನೀರಿಗೆ ಇಳಿದು ತಿರುಗಿ ಬಂದಿರಲಿಲ್ಲ. ಅಂದಿನಿಂದ ಒಬ್ಬರೇ ಬಂದವರಿಗೆ ರೂಮು ಕೊಡಲು ಅತ್ತೆ ಒಪ್ಪುವುದಿಲ್ಲ ಎಂದು ಮುಚ್ಚುಮರೆ ಇಲ್ಲದೆ ಹೇಳಿದಳು. "ಸಿಟ್ಟಾಗಬೇಡಿ ಕಾಕೂ. ಮನೆಯಲ್ಲಿ ಏನಾದರೂ ಜಗಳ?"

ಶಿವಗಂಗವ್ವ ಚೀಲ ಬಿಚ್ಚಿ ರೊಟ್ಟಿಯ ಗಂಟನ್ನು ಮೇಜಿನ ಮೇಲೆ ಇಟ್ಟಳು. "ಸಾಯಾಕ ಬಂದಾಕಿ ಐದು ದಿನದ ರೊಟ್ಟಿ ಕಟಗೊಂಡು ಬರ್ತಾಳೇನು?"

ಸುಗಂಧಾಳಿಗೆ ನಗು ಬಂತು. ಆಧಾರ ಕಾರ್ಡು ತೆಗೆದುಕೊಂಡು ಓದಿದಳು. ಊರಿನ ಹೆಸರು ಕಂಡದ್ದೇ ಹುಬ್ಬೇರಿಸಿದಳು. "ಕಬ್ಬೂರು! ನಮ್ಮ ರಾವಸಾಹೇಬರ ಊರು!"

"ಅವರ ಹೆಂಡ್ತಿನ ನಾನು."

"ಅಯ್ಯೋ, ಮೊದಲೇ ಹೇಳಬಾರದೇ! ತಡೆಯಿರಿ, ಅವರಿಗೊಂದು ಫೋನು ಮಾಡಿ ಕೇಳಿಬಿಡುತ್ತೇನೆ."

ಶಿವಗಂಗವ್ವ ಮೇಜಿನ ಮೇಲಿದ್ದ ಫೋನಿನ ಮೇಲೆ ತನ್ನ ಅಂಗೈ ಇಟ್ಟಳು. "ಹದಿನೆಂಟು ವರ್ಷ ಅವರು ಇಲ್ಲಿಗೆ ಬಂದರು. ಒಮ್ಮೆಯಾದರೂ ನನಗ ಫೋನು ಮಾಡಿ ಕೇಳಿದಿರೇನು ಬಾಯೀ, ನಿನ್ನ ಗಂಡನಿಗೆ ರೂಮು ಕೊಡಲೋ ಬೇಡವೋ ಅಂತ?"

ಸುಗಂಧಾ ಫೋನಿನ ಕಡೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಗೋಡೆಯ ಮೊಳೆಯಿಂದ ಒಂದು ಬೀಗದ ಕೈ ತೆಗೆದು ಕೊಟ್ಟಳು. ರೂಮಿನತ್ತ ಕರೆದೊಯ್ಯುವಾಗ ಸಂಕೋಚದಿಂದಲೇ ಕೇಳಿದಳು: "ಊಟಕ್ಕೆ ಸುರಮಾಯಿ ಮೀನು ಹುರಿಯಲೇ? ರಾವಸಾಹೇಬರಿಗೆ ದಿನಾ ಅದೇ ಆಗಬೇಕು."

ಶಿವಗಂಗವ್ವನದು ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಮೀನು ಮಾಂಸ ಮುಟ್ಟದ ಮನೆ. ತತ್ತಿಯ ವಾಸನೆ ಬಂತೆಂದು ಸೊಸೆಯ ತವರಿನಲ್ಲಿ ಊಟ ಬಿಟ್ಟು ಎದ್ದಿದ್ದ ಮನುಷ್ಯ ರಾವಸಾಹೇಬ. ಶಿವಗಂಗವ್ವ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ನನಗ ಬ್ಯಾಡ. ಬ್ಯಾಳಿ ಸಾರು, ಅನ್ನ ಸಾಕು" ಎಂದಳು.

ಮರುದಿನ ಬೆಳಿಗ್ಗೆ ಅವಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಐದಕ್ಕೆ ಎಚ್ಚರವಾಯಿತು, ಕಸ ಹೊಡೆಯಲು ಅಂಗಳ ತನ್ನದಲ್ಲ, ಹೊತ್ತಿಸಲು ಒಲೆ ತನ್ನದಲ್ಲ. ಪಡಸಾಲೆಯಲ್ಲಿ ಕುಳಿತಿದ್ದಾಗ ಯಾರೋ ಚಹಾ ತಂದು ಮುಂದೆ ಇಟ್ಟರು. ಕುಡಿದು ಕಪ್ಪು ತೊಳೆಯಲು ಎದ್ದರೆ, "ಅಲ್ಲೇ ಇಡಿ ಕಾಕೂ" ಎಂದು ಗದರಿದಳು ಸುಗಂಧಾ. ಅಲ್ಲೇ ಇಟ್ಟಳು.

ನೀರೆಂದರೆ ಅವಳಿಗೆ ಕಬ್ಬಿಗೆ ಬಿಡುವ ಕಾಲುವೆಯ ನೀರು, ಪಾಳಿ ಬಂದಾಗ ಓಡಿ ಮಡೆ ಕಟ್ಟಬೇಕಾದ ನೀರು. ಇಲ್ಲಿ ಯಾರೂ ತಿರುಗಿಸದ, ಯಾರ ಹೊಲಕ್ಕೂ ಬೇಡದ ನೀರು ತನ್ನ ಪಾಡಿಗೆ ಬಂದು ಹೋಗುತ್ತಿತ್ತು. ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು ಮೊಣಕಾಲುದ್ದ ಇಳಿದಳು. ಕಾಲ ಕೆಳಗಿನ ಮರಳು ಜಾರಿದಾಗ "ಎವ್ವಾ!" ಎಂದು ಕೂಗಿ, ತಾನೇ ನಕ್ಕಳು. ಎರಡು ದಿನ ಹೀಗೇ ಹೋಯಿತು.

ಮೂರನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಕಾರು ನಿಂತಿತು. ರಾವಸಾಹೇಬ, ಜೊತೆಗೆ ಅಮೋಲ. ಶಿವಗಂಗವ್ವ ಊಟಕ್ಕೆ ಕುಳಿತಿದ್ದಳು, ಏಳಲಿಲ್ಲ.

"ಸಾಕಾತು ಏನ್ ನಿನ್ನ ನಾಟಕ? ಚೀಲ ತಗೋ, ನಡಿ."

"ಶುಕ್ರವಾರತನಾ ರೂಮು ಹಿಡದೀನ್ರಿ."

"ಊರಾಗ ಮುಖ ಎತ್ತಿ ತಿರಗದಂಗ ಆಗೇತಿ ನನಗ! ಮನಿತನಾ, ಆಚಾರಾ ಏನರ ಖಬರೈತಿ ನಿನಗ?"

ಅಡಿಗೆಮನೆಯ ಬಾಗಿಲಿಗೆ ಸುಗಂಧಾ ಬಂದು ನಿಂತಿದ್ದಳು. ಶಿವಗಂಗವ್ವ ಅವಳತ್ತ ತಿರುಗಿ ಮೆಲ್ಲಗೆ ಹೇಳಿದಳು: "ಬಾಯೀ, ಇವರು ಹಸದ ಬಂದಾರ. ದಿನಾ ಕೊಡತಿದ್ದಿರಲ್ಲ, ಆ ಸುರಮಾಯಿ ಮೀನ ಹುರದ ಬಡಸ್ರಿ."

ಅಮೋಲ ಅಪ್ಪನ ಮುಖ ನೋಡಿದ. ರಾವಸಾಹೇಬ ಕಿಟಕಿಯ ಕಡೆ ನೋಡಿದ. ಕಾರಿನ ಬಾನೆಟ್ಟಿನ ಮೇಲೆ ಕಾಗೆಯೊಂದು ಕುಳಿತಿತ್ತು. ಅದನ್ನೇ ನೋಡುತ್ತ ನಿಂತ.

"ಅಪ್ಪಾ..." ಎಂದ ಅಮೋಲ.

"ಏ, ಗಾಡಿ ತೆಗಿ ನೀ."

ಅಮೋಲ ಗಾಡಿಯ ಕಡೆ ಹೋಗಲಿಲ್ಲ. ತಾಯಿಯ ಎದುರಿನ ಕುರ್ಚಿ ಎಳೆದುಕೊಂಡು ಕುಳಿತ. "ಅವ್ವಾ, ನಿಂಗೇನರ ಬೇಕಾಗೇತೇನ?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ಅವನು ಹಾಗೆ ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

"ಏನೂ ಬ್ಯಾಡ. ನೀ ಉಂಡು ಹೋಗು."

ಮಗ ಉಂಡ. ಅಪ್ಪ ಕಾರಿನಲ್ಲೇ ಕುಳಿತಿದ್ದ. ಇಬ್ಬರೂ ಹೋದ ಮೇಲೆ ಶಿವಗಂಗವ್ವ ತಾಟಿನಲ್ಲಿ ಉಳಿದಿದ್ದ ಅನ್ನ ಮುಗಿಸಿದಳು. ಆಮೇಲೆ ಸೀರೆ ಸಿಕ್ಕಿಸಿಕೊಂಡು ನೀರಿಗೆ ಹೋದಳು.

ಶನಿವಾರ ಊರಿಗೆ ಮರಳಿದಾಗ ಗಂಡ ಮಾತಾಡಲಿಲ್ಲ. ಹದಿನೈದು ದಿನ ಮಾತಾಡಲಿಲ್ಲ. ಅವಳೂ ಬೇಡಿಕೊಳ್ಳಲಿಲ್ಲ; ರೊಟ್ಟಿ ಬಡಿದಳು, ಬಡಿಸಿದಳು, ಎದುರಿಗೇ ಕುಳಿತು ತಾನೂ ಉಂಡಳು. ಹಿಂದೆ ಅವನು ಎದ್ದ ಮೇಲೆ ಉಣ್ಣುತ್ತಿದ್ದಳು.

ಮುಂದಿನ ಬೇಸಿಗೆ ಒಬ್ಬಳೇ ಹೋಗಲಿಲ್ಲ. ಅವರ ಕಬ್ಬಿನಲ್ಲಿ ಕಳೆ ತೆಗೆಯಲು ಬರುತ್ತಿದ್ದ ಸುಂದರಾಳನ್ನು ಕೇಳಿದಳು. ಇಬ್ಬರೂ ಒಂದೇ ವಯಸ್ಸಿನವರು, ನಲವತ್ತು ವರ್ಷದ ಪರಿಚಯ. ಆದರೆ ಸುಂದರಾ ಇವರ ಪಡಸಾಲೆ ಹತ್ತಿದವಳಲ್ಲ. ಸುಂದರಾ ಕುಡುಗೋಲು ಕೆಳಗಿಟ್ಟು ನೇರವಾಗಿ ಹೇಳಿದಳು:

"ಬರ್ತೀನ್ರಿ. ಆದ್ರ ನಿಮ್ಮ ಚೀಲಾ ಹೊರಾಕ ಬರೂದಿಲ್ಲ. ನೀವು ಕಾಟಿನ ಮ್ಯಾಲ, ನಾ ನೆಲದ ಮ್ಯಾಲ, ಅದೂ ಆಗೂದಿಲ್ಲ."

"ಎರಡು ಕಾಟು ಅದಾವ ಬಿಡು. ಆದ್ರ ನೀ ಗೊರಕಿ ಹೊಡಿತಿಯೇನ, ಅದ ಹೇಳು ಮೊದಲ."

ಓಣಿಯಲ್ಲಿ ಮಾತು ಎದ್ದಿತು. ಹೊಲದಾಕಿಯೂ ಕೂಲಿಯಾಕಿಯೂ ಒಂದೇ ರೂಮಿನಲ್ಲಿ ಎಂದರೆ ಏನರ್ಥ ಎಂದರು. ಕೇಳಿದವರಿಗೆ ಶಿವಗಂಗವ್ವ, "ರೂಮು ಸಣ್ಣದೈತಿ ಅಂತ ಅರ್ಥ" ಎಂದಳು. ತಿರುಗಿ ಬಂದ ದಿನ ಸುಂದರಾ ಅವರ ಪಡಸಾಲೆಯಲ್ಲೇ ಕುಳಿತು ಚಹಾ ಕುಡಿದಳು. ರಾವಸಾಹೇಬ ಎದ್ದು ಹೊರಗೆ ಹೋದ. ಯಾರೂ ಅವನನ್ನು ತಡೆಯಲಿಲ್ಲ.

ಈ ವರ್ಷ ಹೋಗುವವರು ಆರು ಮಂದಿ ಹೆಂಗಸರು. ರಾವಸಾಹೇಬನ ಗೆಳೆಯರಲ್ಲಿ ಒಬ್ಬ ತೀರಿಕೊಂಡ, ಇನ್ನೊಬ್ಬನ ಮೊಣಕಾಲು ಸೋತಿದೆ. ಅವರ ಗುಂಪು ಒಡೆದಿದೆ. ಮೊನ್ನೆ ಅವನು ಹೊಸ್ತಿಲ ಹತ್ತಿರ ನಿಂತು, ಚಪ್ಪಲಿ ಹುಡುಕುವವನಂತೆ ಕೆಳಗೆ ನೋಡುತ್ತ ಕೇಳಿದ: "ನಾನೂ ಬಂದ್ರ ಹೆಂಗ?"

ಶಿವಗಂಗವ್ವ ಅಕ್ಕಿ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಕೇಳಿ ನೋಡ್ತೀನ್ರಿ. ಉಳಿದವರು ಏನಂತಾರೋ ಏನೋ."

ಉಳಿದವರನ್ನು ಅವಳು ಇನ್ನೂ ಕೇಳಿಲ್ಲ.